ಗೇಮಿನೊಳಗಿನ ಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮುಗಳಲ್ಲಿ ಆಟಗಾರರು ಮಾಡಿಕೊಳ್ಳುವ ಮನೆಗಳನ್ನೇ ಕುರಿತಿದ್ದವು. ಅವುಗಳಿಗೆ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಆಡುವ ಗೇಮಿನ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸಲು ಹೊರಟೆ. ಕಪಾಟುಗಳನ್ನು ಜೋಡಿಸಿ ಒಂಬತ್ತು ಮೆಟ್ಟಿಲು ಮಾಡಿ, ಸಿಕ್ಕ ಪುಟ್ಟ ವಿಗ್ರಹಗಳನ್ನೆಲ್ಲ ಇಡುತ್ತಾ ಬಂದರೆ ಅರ್ಧ ಕೂರಿಸುವಷ್ಟರಲ್ಲೇ ಸಾಮಾನಿನ ಮಿತಿ ಮುಗಿಯಿತು. ಒಂದು ಮೆಟ್ಟಿಲನ್ನು ತುಸು ಸರಿಸಿದರೆ ಅದರ ಮೇಲಿದ್ದ ಗೊಂಬೆಗಳು ಗಾಳಿಯಲ್ಲೇ ನಿಂತುಬಿಡುತ್ತವೆ. ಇದನ್ನೆಲ್ಲ ಸರಿಪಡಿಸುವುದು ಅಷ್ಟು ಕಷ್ಟವೇ?
– ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ನೀವು ಹೇಳಿರುವ ಎರಡು ತೊಂದರೆಗಳಲ್ಲಿ ಮೊದಲನೆಯದು ನಿಜಕ್ಕೂ ಕಷ್ಟದ್ದು, ಎರಡನೆಯದಕ್ಕೆ ಯಾವ ನೆಪವನ್ನೂ ಒಪ್ಪಬೇಕಾಗಿಲ್ಲ.

ನೀವು ಇಟ್ಟ ಪ್ರತಿಯೊಂದು ಸಾಮಾನಿನ ಜಾಗ, ಅದು ತಿರುಗಿರುವ ದಿಕ್ಕು, ಅದರ ಬಣ್ಣ ಇವೆಲ್ಲವನ್ನೂ ಸರ್ವರ್, ಅಂದರೆ ಗೇಮನ್ನು ನಡೆಸುವ ಕಂಪನಿಯ ಕಂಪ್ಯೂಟರು, ನೆನಪಿಟ್ಟುಕೊಳ್ಳಬೇಕು, ನಿಮ್ಮ ಮನೆಗೆ ಬಂದ ಪ್ರತಿಯೊಬ್ಬರಿಗೂ ಆ ವಿವರಗಳನ್ನು ಕಳಿಸಬೇಕು, ಬಂದವರ ಕಂಪ್ಯೂಟರು ಅವನ್ನು ಒಂದೊಂದಾಗಿ ಚಿತ್ರಿಸಬೇಕು. ದೀಪಗಳಾದರೆ ಸುತ್ತಲಿನ ವಸ್ತುಗಳ ಮೇಲೆ ಬೆಳಕನ್ನೂ ನೆರಳನ್ನೂ ಲೆಕ್ಕ ಹಾಕಬೇಕಾದ್ದರಿಂದ ಹೊರೆ ಇನ್ನೂ ಹೆಚ್ಚು. ಫೈನಲ್ ಫ್ಯಾಂಟಸಿ 14 ಎಂಬ ಗೇಮಿನಲ್ಲಿ ಬಹುಕಾಲ ಸಣ್ಣ, ಮಧ್ಯಮ, ದೊಡ್ಡ ಮನೆಗಳ ಒಳಗೆ ಕ್ರಮವಾಗಿ 200, 300, 400 ಸಾಮಾನುಗಳಿಗಷ್ಟೇ ಅವಕಾಶವಿದ್ದುದು ಇಂಥ ಕಾರಣಗಳಿಂದಲೇ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನ ಅತಿ ದೊಡ್ಡ ಮನೆಗಳಲ್ಲಿ ಚಂದಾದಾರರು ಬಹುಕಾಲ 700 ಸಾಮಾನು ಇಡಬಹುದಿತ್ತು, ಉಳಿದವರಿಗೆ ಅದರ ಅರ್ಧ ಮಾತ್ರ. ಅದೇ ಮನೆ ಚಂದಾ ಕಟ್ಟಿದವರಿಗೆ 700 ಸಾಮಾನನ್ನು ಹೊರುತ್ತಿತ್ತೆಂದರೆ, ಅಲ್ಲಿ ಮಿತಿಯನ್ನು ತಂತ್ರಜ್ಞಾನವೊಂದೇ ನಿರ್ಧರಿಸುತ್ತಿರಲಿಲ್ಲವೆಂಬುದು ಸ್ಪಷ್ಟ.

ಆದರೂ ಮಿತಿಯ ಸಂಖ್ಯೆಗಿಂತ ಎಣಿಸುವ ಕ್ರಮದಲ್ಲಿ ದೋಷ ಹೆಚ್ಚಿದೆ ಎಂಬುದು ನಮ್ಮ ಅಭಿಪ್ರಾಯ. ಅಂಗೈಯಗಲದ ಗೊಂಬೆಯೂ ಅಂಗಳದ ಕಾರಂಜಿಯೂ ತಲಾ ಒಂದೊಂದೆಂದು ಎಣಿಕೆಯಾಗುವ ಗೇಮಿನಲ್ಲಿ ಸೂಕ್ಷ್ಮವಾಗಿ ಅಲಂಕರಿಸುವವರಿಗೇ ನಷ್ಟ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ತನ್ನ ಹೊಸ ಮನೆ ವ್ಯವಸ್ಥೆಯಲ್ಲಿ ಮನೆಗೊಂದು ಒಟ್ಟು ಬಜೆಟ್ಟನ್ನು ಕೊಟ್ಟು, ಸಾಮಾನಿಗೆ ತಕ್ಕಂತೆ ಹೆಚ್ಚುಕಡಿಮೆ ಅಂಕಗಳನ್ನು ಕಳೆಯುವ ಕ್ರಮವನ್ನು ಅನುಸರಿಸಿದೆ. ಇದು ಸರಿಯಾದ ದಾರಿ, ಮತ್ತು ಇನ್ನೂ ಮುಂದಕ್ಕೆ ಹೋಗಬಹುದು: ಒಂದೇ ಆಕಾರದ ಹತ್ತು ಗೊಂಬೆಗಳನ್ನು ಗ್ರಾಫಿಕ್ಸ್ ಕಾರ್ಡು ಒಂದೇ ಆದೇಶದಲ್ಲಿ ಚಿತ್ರಿಸಬಲ್ಲದಾದ್ದರಿಂದ, ಹತ್ತು ಬೇರೆ ಬೇರೆ ಗೊಂಬೆಗಳಿಗಿಂತ ಅವುಗಳ ಹೊರೆ ಕಡಿಮೆ, ಆ ಉಳಿತಾಯದಲ್ಲಿ ಆಟಗಾರರಿಗೂ ಒಂದು ಪಾಲು ಸಿಗಬೇಕು.

ಇನ್ನು ಗಾಳಿಯಲ್ಲಿ ನಿಲ್ಲುವ ಗೊಂಬೆಗಳ ವಿಷಯ. ಮೆಟ್ಟಿಲಿಗೂ ಅದರ ಮೇಲಿನ ಗೊಂಬೆಗೂ ಸಂಬಂಧವಿದೆಯೆಂದು ಗೇಮಿಗೆ ತಿಳಿಸಿಟ್ಟರೆ, ಮೆಟ್ಟಿಲು ಸರಿದಾಗ ಗೊಂಬೆಯೂ ಸರಿಯುತ್ತದೆ. ಗೇಮು ತಯಾರಿಸುವವರು ತಮ್ಮ ಕಚೇರಿಯಲ್ಲಿ ಬಳಸುವ ಸಾಫ್ಟ್‌ವೇರಿನಲ್ಲಿ ಈ ಸೌಲಭ್ಯ ಮೊದಲಿನಿಂದಲೂ ಇದೆ. ನಿಮ್ಮ ಗೇಮಿನಲ್ಲಿ ಅದನ್ನು ಆಟಗಾರರ ಕೈಗೆ ಕೊಟ್ಟಿಲ್ಲ, ಅಷ್ಟೇ. ಹಲವು ಸಾಮಾನುಗಳನ್ನು ಒಟ್ಟಿಗೆ ಆರಿಸಿ ಸರಿಸುವುದು, ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳುವುದು, ಇಡೀ ಜೋಡಣೆಯನ್ನು ಉಳಿಸಿಟ್ಟುಕೊಳ್ಳುವುದು ಇವೂ ಇದೇ ಬಗೆಯವು. ಕೊನೆಯದಂತೂ ನಿಮಗೆ ಬೇಕೇಬೇಕು, ಏಕೆಂದರೆ ವಿಜಯದಶಮಿ ಕಳೆದ ಮೇಲೆ ಗೊಂಬೆಗಳನ್ನು ಎತ್ತಿಡಬೇಕು, ಮುಂದಿನ ವರ್ಷ ಮತ್ತೆ ಕೂರಿಸಬೇಕು. 2004ರಲ್ಲಿ ಬಂದ ಎವರ್‌ಕ್ವೆಸ್ಟ್ 2ರಲ್ಲಿ ಮನೆಯ ಜೋಡಣೆಯನ್ನು ಕಡತವಾಗಿ ಉಳಿಸಿ ಮತ್ತೆ ತರುವ ಅನುಕೂಲವಿದೆ. ಎಷ್ಟೋ ಹೊಸ ಗೇಮುಗಳಲ್ಲಿ ಅದು ಇಲ್ಲ.

ಪ್ರಶ್ನೆ: ಮನೆ ಕಟ್ಟಲು ಗೇಮಿನಲ್ಲೂ ಸೈಟು ಸಿಗುವುದಿಲ್ಲ, ಲಾಟರಿಯಲ್ಲಿ ಅದೃಷ್ಟ ನೋಡಿಕೊಳ್ಳಬೇಕು ಎನ್ನುತ್ತಾರೆ. ಕಂಪ್ಯೂಟರಿನೊಳಗೆ ಜಾಗಕ್ಕೆ ಏನು ಬರ?
– ಓದುಗರು, ರಾಜಾಜಿನಗರ

ಉತ್ತರ: ಬರ ಬರುವುದು ಎಲ್ಲರೂ ಕಾಣುವ ಒಂದೇ ನೆಲದ ಮೇಲೆ ಮನೆಗಳಿರಬೇಕೆಂದು ನಿರ್ಧರಿಸಿದಾಗ. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ಮನೆಗಳು ಬಯಲಿನಲ್ಲೇ ಏಳುತ್ತಿದ್ದವು, ನೆಲ ಬೇಗ ತುಂಬಿಹೋಯಿತು. ಫೈನಲ್ ಫ್ಯಾಂಟಸಿ 14ರ ಬಡಾವಣೆಗಳಲ್ಲಿ ಖಾಲಿಯಾದ ಸೈಟಿನ ಫಲಕದ ಮುಂದೆ ಆಟಗಾರರು ಗಂಟೆಗಟ್ಟಲೆ ನಿಂತು ಕ್ಲಿಕ್ ಮಾಡುತ್ತಿದ್ದುದನ್ನು ತಪ್ಪಿಸಲು 2022ರಲ್ಲಿ ಲಾಟರಿಯನ್ನು ತಂದರು. 45 ದಿನ ಮನೆಗೆ ಕಾಲಿಡದಿದ್ದರೆ ಅದನ್ನು ಕೆಡವಿ ಸೈಟನ್ನು ಬೇರೆಯವರಿಗೆ ಬಿಡುವ ನಿಯಮವೂ ಅಲ್ಲಿದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಮನೆಯನ್ನು ಸೃಷ್ಟಿಸುವ ಗೇಮುಗಳಲ್ಲಿ ಈ ಕೊರತೆಯಿಲ್ಲ, ಆದರೆ ಬೀದಿಯಲ್ಲಿ ಹೋಗುವವರ ಕಣ್ಣಿಗೆ ನಿಮ್ಮ ಮನೆ ಬೀಳುವುದೂ ಇಲ್ಲ. ವಾರ್‌ಕ್ರಾಫ್ಟ್ ಈಗ ನಡುದಾರಿ ಹಿಡಿದು, ಐವತ್ತರಷ್ಟು ಮನೆಗಳಿರುವ ಬಡಾವಣೆಗಳನ್ನು ಬೇಕಾದಷ್ಟು ಸೃಷ್ಟಿಸುತ್ತಾ ಹೋಗುತ್ತಿದೆ. ಸೈಟಿಗಾಗಿ ಕಾದು ಕಾದು ದಣಿದ ನಮ್ಮ ಊರಿನವರಿಗೆ ಆಟದಲ್ಲಾದರೂ ಈ ಕ್ರಮವೇ ಹಿತವೆನಿಸಬಹುದು.

ಪ್ರಶ್ನೆ: ನನ್ನ ಮಗ ಗೇಮಿನ ಮನೆಗೆ ನಿಜವಾದ ದುಡ್ಡು ಕೊಟ್ಟು ಸೋಫಾ ಕೊಂಡಿದ್ದಾನೆ. ಅದು ಅವನ ಸ್ವತ್ತಾಗುತ್ತದೆಯೇ?
– ಗೃಹಿಣಿ, ಬಸವನಗುಡಿ

ಉತ್ತರ: ಇಲ್ಲ ತಾಯಿ. ಇಂಥ ಗೇಮುಗಳ ಕರಾರಿನಲ್ಲಿ ಸಾಮಾನ್ಯವಾಗಿ ಸಿಗುವುದು ಬಳಸುವ ಅನುಮತಿ ಮಾತ್ರ. ವೈಲ್ಡ್‌ಸ್ಟಾರ್ ಎಂಬ ಗೇಮು 2018ರಲ್ಲಿ ಮುಚ್ಚಿದಾಗ ಅದರ ಆಟಗಾರರು ಅಲಂಕರಿಸಿದ್ದ ಮನೆಗಳೂ ಅದರೊಂದಿಗೇ ಹೋದವು. ಸಿನಿಮಾ ಟಿಕೆಟ್ಟಿಗೆ ಕೊಡುವಷ್ಟು ಹಣವಾದರೆ ಸುಮ್ಮನಿದ್ದುಬಿಡಿ.

ಪ್ರಶ್ನೆ: ಎಚ್‌ಎಸ್‌ಆರ್ ಬಡಾವಣೆಯಲ್ಲಿ ನಮ್ಮದೊಂದು ಪುಟ್ಟ ಗೇಮು ತಂಡವಿದೆ. ನಮ್ಮ ಗೇಮಿಗೆ ಮನೆ ಅಲಂಕಾರವನ್ನು ಸೇರಿಸುವ ಯೋಚನೆಯಿದೆ. ಕೈಯಲ್ಲಿರುವ ಸಮಯವನ್ನು ಹೊಸ ಹೊಸ ಸಾಮಾನುಗಳನ್ನು ರೂಪಿಸಲು ಬಳಸಬೇಕೋ, ಅವನ್ನು ಇಡುವ ಸೌಲಭ್ಯಗಳಿಗೋ?
– ಪ್ರೋಗ್ರಾಮರ್, ಬೆಂಗಳೂರು

ಉತ್ತರ: ಸೌಲಭ್ಯಗಳಿಗೆ, ಅನುಮಾನವೇ ಬೇಡ. ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್ 2007ರಲ್ಲಿ ಮನೆಗಳನ್ನು ಕೊಟ್ಟಾಗ ಸಾಮಾನುಗಳನ್ನು ಮೊದಲೇ ಗೊತ್ತುಮಾಡಿದ ಕೊಕ್ಕೆಗಳಿಗೆ ಮಾತ್ರ ಸಿಕ್ಕಿಸಬಹುದಿತ್ತು. ಸಾಮಾನುಗಳು ಎಷ್ಟೇ ಬಗೆಯವಿದ್ದರೂ ಮನೆಗಳ ವಿನ್ಯಾಸ ಒಂದೇ ತೆರನಾಗಿ ಕಾಣುತ್ತಿತ್ತು, ಆಮೇಲೆ ಆ ಕಟ್ಟನ್ನು ಸಡಿಲಿಸಬೇಕಾಯಿತು. 2014ರ ವೈಲ್ಡ್‌ಸ್ಟಾರ್ ಮೂರೂ ಅಕ್ಷಗಳಲ್ಲಿ ತಿರುಗಿಸುವ, ಹಿಗ್ಗಿಸುವ, ಕುಗ್ಗಿಸುವ, ಒಂದರೊಳಗೊಂದನ್ನು ತೂರಿಸುವ ಸ್ವಾತಂತ್ರ್ಯ ಕೊಟ್ಟಿತ್ತು. ಆಗ ಹಲಗೆ ಗೋಡೆಯಾಗಬಹುದು, ತಟ್ಟೆ ಕಿಟಕಿಯಾಗಬಹುದು; ಇನ್ನೂರು ಸಾಮಾನು ಎರಡು ಸಾವಿರದ ಕೆಲಸ ಮಾಡುತ್ತದೆ. ಫೈನಲ್ ಫ್ಯಾಂಟಸಿಯ ಆಟಗಾರರು ಗೇಮಿನ ದೋಷಗಳನ್ನೇ ಬಳಸಿಕೊಂಡು ಸಾಮಾನುಗಳನ್ನು ತೇಲಿಸುವ ಕುಶಲತೆಯನ್ನು ವರ್ಷಗಟ್ಟಲೆ ಬೆಳೆಸಿಕೊಂಡಿದ್ದಾರೆ. ಇಂಥ ಉಪಾಯಗಳನ್ನು ಕಂಡರೆ ಮುಚ್ಚಿಹಾಕಲು ಹೋಗಬೇಡಿ, ಅವುಗಳನ್ನೇ ಅಧಿಕೃತ ಸೌಲಭ್ಯವಾಗಿಸಿ.

ಹಾಗೆಂದು ಎಲ್ಲವನ್ನೂ ಒಂದೇ ಪರದೆಯಲ್ಲಿ ತುಂಬಬಾರದು. ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್‌ನಲ್ಲಿ ಒಂದು ಕುರ್ಚಿಯನ್ನು ಮೇಲೆತ್ತಲೂ ಆದೇಶವನ್ನು ಟೈಪು ಮಾಡಬೇಕಿತ್ತು; ಸ್ವಾತಂತ್ರ್ಯವಿತ್ತು, ಅದನ್ನು ಬಳಸುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಮೊದಲ ಹಂತದಲ್ಲಿ ಸಾಮಾನು ನೆಲಕ್ಕೂ ಗೋಡೆಗೂ ತಾನಾಗಿ ಅಂಟಿಕೊಳ್ಳಲಿ, ಗ್ರಿಡ್‌ಗೆ, ಅಂದರೆ ಚೌಕುಳಿ ಗೆರೆಗಳಿಗೆ, ಹೊಂದಿಕೊಳ್ಳಲಿ. ಸೂಕ್ಷ್ಮ ಹೊಂದಾಣಿಕೆ ಬೇಕೆನ್ನುವವರು ಇನ್ನೊಂದು ಬಟನ್ ಒತ್ತಿ ಎರಡನೆಯ ಹಂತಕ್ಕೆ ಹೋಗಲಿ, ಅಲ್ಲಿ ಸಾಮಾನಿನ ಜಾಗ, ದಿಕ್ಕುಗಳ ಸಂಖ್ಯೆಗಳನ್ನು ನೇರವಾಗಿ ಬರೆಯುವ ಅವಕಾಶವಿರಲಿ.

ಒಂದು ತಾಂತ್ರಿಕ ಸೂಚನೆಯನ್ನೂ ಗಮನಿಸಿ. ನಿಮ್ಮ ಸರ್ವರ್ ಸಿಂಗಪುರದಲ್ಲೋ ಯೂರೋಪಿನಲ್ಲೋ ಇದ್ದರೆ, ಬೆಂಗಳೂರಿನಲ್ಲಿ ಕುಳಿತು ಸಾಮಾನು ಎಳೆಯುವವರಿಗೆ ಪ್ರತಿ ಚಲನೆಗೂ ಅಲ್ಲಿಂದ ಒಪ್ಪಿಗೆ ಬರುವವರೆಗೆ ಕಾಯುವ ಗೋಳು ಬೇಡ. ಎಳೆಯುವುದು, ತಿರುಗಿಸುವುದು ಎಲ್ಲವೂ ಆಟಗಾರರ ಯಂತ್ರದಲ್ಲೇ ನಡೆಯಲಿ, ಕೊನೆಗೆ ಇಟ್ಟ ಜಾಗವನ್ನಷ್ಟೇ ಸರ್ವರಿಗೆ ಕಳಿಸಿ ಅಲ್ಲಿ ಪರಿಶೀಲಿಸಿ. ಮಿತಿಯನ್ನು ಗೊತ್ತುಮಾಡುವ ಮೊದಲು, ತುಂಬಿದ ಮನೆಯೊಂದನ್ನು ನಿಮ್ಮ ಕಚೇರಿಯ ದುಬಾರಿ ಕಂಪ್ಯೂಟರಿನ ಬದಲು ಕೆಲವು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ, ನಾಲ್ಕೈದು ಅತಿಥಿಗಳು ಒಳಗಿರುವಾಗ ತೆರೆದು ನೋಡಿ. ಆ ಮಿತಿಯನ್ನು ಆಮೇಲೆ ಏರಿಸಿದರೆ ಯಾರ ತಕರಾರೂ ಇರುವುದಿಲ್ಲ. ಇಳಿಸಬೇಕಾಗಿ ಬಂದರೆ ಯಾರ ಮನೆಯಿಂದ ಯಾವ ಸಾಮಾನನ್ನು ತೆಗೆಯುವುದೆಂಬ ಪ್ರಶ್ನೆ ನಿಮ್ಮ ಕೊರಳಿಗೆ ಬೀಳುತ್ತದೆ.