ನಾಯಿ ಜೊತೆ ಬೆಳೆದವರು ಕೇಳಿದ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ನಾಯಿಗಳ ಬಗ್ಗೆಯೇ. ಅದರಲ್ಲೂ ಚಿಕ್ಕಂದಿನಲ್ಲಿ ಮನೆಯಲ್ಲಿದ್ದ ನಾಯಿ, ದೊಡ್ಡವರಾದ ಮೇಲೂ ಬಿಡದ ಆ ಹುಚ್ಚು. ನಾನೂ ನಾಯಿಗಳ ನಡುವೆಯೇ ಬೆಳೆದವಳು. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ, ನಿಧಾನವಾಗಿ ಓದಿ.

ಪ್ರಶ್ನೆ: ನಾನು, ನನ್ನ ಅಣ್ಣ ಒಂದೇ ನಾಯಿಯ ಜೊತೆ ಬೆಳೆದವರು. ನನಗೆ ಈಗಲೂ ದಾರಿಯಲ್ಲಿ ನಾಯಿ ಕಂಡರೆ ಮಾತಾಡಿಸದೆ ಮುಂದೆ ಹೋಗಲು ಆಗುವುದಿಲ್ಲ. ಅಣ್ಣನಿಗೆ ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಈ ಪ್ರೀತಿ ಬೆಳೆದ ರೀತಿಯಿಂದ ಬರುತ್ತದಾ, ರಕ್ತದಲ್ಲೇ ಇರುತ್ತದಾ?

ಉತ್ತರ: ಎರಡರಿಂದಲೂ ಬರುತ್ತದೆ. ರಕ್ತದ ಪಾಲು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ. 2019ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನು ಅವಳಿಗಳಲ್ಲಿ ಹುಡುಕಿ ನೋಡಿದರು. ಅಲ್ಲಿ ಅವಳಿಗಳ ದಾಖಲೆ ಇದೆ, ಸಾಕಿದ ನಾಯಿಗಳ ನೋಂದಣಿಯೂ ಇದೆ. 35,035 ಅವಳಿ ಜೋಡಿಗಳಲ್ಲಿ ಯಾರು ದೊಡ್ಡವರಾದ ಮೇಲೆ ನಾಯಿ ಸಾಕಿದ್ದಾರೆ ಅಂತ ಎರಡೂ ದಾಖಲೆಗಳನ್ನು ಸೇರಿಸಿ ನೋಡಿದರು. ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಒಂದೇ ಇರುವ ತದ್ರೂಪಿ ಅವಳಿಗಳಲ್ಲಿ ಒಬ್ಬರು ಸಾಕಿದ್ದರೆ ಇನ್ನೊಬ್ಬರೂ ಸಾಕಿರುವುದು, ತದ್ರೂಪಿ ಅಲ್ಲದ ಅವಳಿಗಳಿಗಿಂತ ಹೆಚ್ಚಾಗಿ ಕಂಡಿತು. ನಾಯಿ ಸಾಕುವ ವಿಷಯದಲ್ಲಿ ಜನರ ನಡುವೆ ಇರುವ ವ್ಯತ್ಯಾಸದಲ್ಲಿ, ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 51ರಷ್ಟು ವಂಶವಾಹಿಗಳಿಂದ ಬಂದದ್ದು ಅಂತ ಅವರ ಲೆಕ್ಕ. ಇದು ಇಡೀ ಜನಸಮೂಹದ ಲೆಕ್ಕ. ನಿಮ್ಮೊಬ್ಬರ ಪ್ರೀತಿಯನ್ನು ಹೀಗೆ ಭಾಗ ಮಾಡಲು ಬರುವುದಿಲ್ಲ. ಆದರೆ ಒಡಹುಟ್ಟಿದವರಲ್ಲಿ ವಂಶವಾಹಿಗಳು ಸರಾಸರಿ ಅರ್ಧದಷ್ಟು ಮಾತ್ರ ಹೊಂದುತ್ತವೆ, ಆದ್ದರಿಂದ ಅಣ್ಣ ನಿಮ್ಮ ಹಾಗಿಲ್ಲ ಅನ್ನುವುದರಲ್ಲಿ ಆಶ್ಚರ್ಯ ಏನೂ ಇಲ್ಲ.

ಉಳಿದದ್ದು ಬದುಕಿದ ರೀತಿ, ಅದರಲ್ಲಿ ಬಾಲ್ಯವೂ ಸೇರಿತು. ಒಂದೇ ಮನೆಯಲ್ಲಿ ಬೆಳೆದರೂ ಇಬ್ಬರ ಬಾಲ್ಯ ಒಂದೇ ಆಗಿರುವುದಿಲ್ಲ, ಅಲ್ವಾ? ನಾಯಿಗೆ ನೀರು ಇಟ್ಟವರು ಯಾರು, ಗುಡುಗು ಬಂದಾಗ ಅದು ಯಾರ ಮಂಚದ ಕೆಳಗೆ ನುಗ್ಗುತ್ತಿತ್ತು, ಅದಕ್ಕೆ ಹುಷಾರಿಲ್ಲದಾಗ ಪಕ್ಕದಲ್ಲಿ ಕೂತವರು ಯಾರು ಅಂತ ನೆನಪು ಮಾಡಿಕೊಳ್ಳಿ. ನಾನು ನೋಡಿದ ಮಟ್ಟಿಗೆ, ನಾಯಿಯ ಜೊತೆ ಸುಮ್ನೆ ಆಡಿದ ಮಕ್ಕಳಿಗಿಂತ, ಅದರ ಯಾವುದಾದರೂ ಒಂದು ಕೆಲಸ ಹೊತ್ತುಕೊಂಡ ಮಕ್ಕಳಲ್ಲಿ ಈ ಪ್ರೀತಿ ಗಟ್ಟಿಯಾಗಿ ಉಳಿಯುತ್ತದೆ. ನಮ್ಮ ಮನೆಯ ಮುದಿ ನಾಯಿಗೆ ಕಣ್ಣು ಮಂಜಾಗಿತ್ತು. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ, ಹಿಂದಿನಿಂದ ಕೈ ಇಟ್ಟಾಗ ಅದು ಬೆಚ್ಚಿಬೀಳುವುದನ್ನು ನೋಡಿ ನೋಡಿ ಅದು ತಾನಾಗಿ ಬಂತು. ಬಾಯಿ ಬಿಟ್ಟು ಹೇಳಲಾರದ ಒಂದು ಜೀವ ಏನು ಹೇಳುತ್ತಿದೆ ಅಂತ ಗಮನಿಸುವ ಅಭ್ಯಾಸ ಅದು. ಒಮ್ಮೆ ಹತ್ತಿಕೊಂಡರೆ ಮತ್ತೆ ಯಾವ ನಾಯಿಯನ್ನು ನೋಡಿದರೂ ಕಣ್ಣು ತಾನಾಗಿ ಅದರ ಕಿವಿ, ಬಾಲ, ನಡಿಗೆಯ ಕಡೆ ಹೋಗುತ್ತದೆ. ನೀವು ದಾರಿಯಲ್ಲಿ ನಿಲ್ಲುವುದು ಅದಕ್ಕೇ ಇರಬೇಕು.

ಪ್ರಶ್ನೆ: ಮಗಳಿಗೆ ಮೂರು ವರ್ಷ. ನಾಯಿಮರಿ ತಂದರೆ ಜೊತೆಯಲ್ಲೇ ಬೆಳೆಯುತ್ತವೆ ಅಂತ ಆಸೆ. ಈಗಲೇ ತರಬಹುದಾ?

ಉತ್ತರ: ತರಬಹುದು. ಆದರೆ ಅದು ಮಗಳ ನಾಯಿ ಅಂದುಕೊಂಡು ತರಬೇಡಿ. ಮೂರು ವರ್ಷದ ಮಗುವೂ ನೋಡಿಕೊಳ್ಳಬೇಕಾದದ್ದು, ಮರಿಯೂ ನೋಡಿಕೊಳ್ಳಬೇಕಾದದ್ದು, ಎರಡನ್ನೂ ನೋಡುವವರು ನೀವು. ಅಷ್ಟು ಪುರುಸೊತ್ತು ಈಗ ಇಲ್ಲ ಅನ್ನಿಸಿದರೆ ಇನ್ನೆರಡು ಮೂರು ವರ್ಷ ಕಾಯಿರಿ, ಆಗ ಮಗಳಿಗೆ ಹೇಳಿದ್ದು ಅರ್ಥವೂ ಆಗುತ್ತದೆ.

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಕಚ್ಚಿದರೆ ನೋವಾಗುತ್ತದೆ, ಎಷ್ಟು ಕಚ್ಚಬಹುದು ಅನ್ನುವುದನ್ನು ಅದು ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ. ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗಿನ ಕಾಲ ತುಂಬಾ ಮುಖ್ಯ. ಆಗ ಅದು ಯಾವುದನ್ನೆಲ್ಲ ಹೆದರಿಕೆ ಇಲ್ಲದೆ ನೋಡಿರುತ್ತದೋ, ಮಕ್ಕಳ ಕಿರುಚಾಟ, ಗಾಡಿ ಶಬ್ದ, ಛತ್ರಿ, ಗಡ್ಡದವರು, ಕೋಲು ಹಿಡಿದ ಅಜ್ಜಂದಿರು, ಇವೆಲ್ಲ ಮುಂದೆ ಅದಕ್ಕೆ ಮಾಮೂಲು ಆಗುತ್ತವೆ. ಮರಿ ತರುವ ಮನೆಯಲ್ಲಿ ಅದು ಮಕ್ಕಳ ನಡುವೆ ಇತ್ತಾ, ಎಲ್ಲೋ ಒಂದು ಗೂಡಿನಲ್ಲಿ ಒಂಟಿಯಾಗಿತ್ತಾ ಅಂತ ಕೇಳಿ. ತಳಿ ಯಾವುದು ಅನ್ನುವುದಕ್ಕಿಂತ ನಾನು ಇದನ್ನೇ ಮೊದಲು ಕೇಳುತ್ತೇನೆ.

ಇನ್ನು ಮಗಳಿಗೆ ಕಲಿಸಬೇಕಾದದ್ದು. ಚಿಕ್ಕ ಮಕ್ಕಳನ್ನು ಗೊತ್ತಿರುವ ನಾಯಿಗಳೂ ಕಚ್ಚುತ್ತವೆ, ಮತ್ತು ಮಕ್ಕಳ ಎತ್ತರದಿಂದಾಗಿ ಗಾಯ ಹೆಚ್ಚಾಗಿ ಮುಖ, ಕತ್ತಿಗೆ ಆಗುತ್ತದೆ. ನಾಯಿ ಊಟ ಮಾಡುವಾಗ, ಮಲಗಿರುವಾಗ ಹತ್ತಿರ ಹೋಗಬಾರದು. ಕತ್ತು ತಬ್ಬಿ ಹಿಡಿಯುವುದು ನಮಗೆ ಪ್ರೀತಿ, ಬಹಳ ನಾಯಿಗಳಿಗೆ ಉಸಿರು ಕಟ್ಟಿದ ಹಾಗೆ. ನಿದ್ದೆ ಇಲ್ಲದೆ ಆಕಳಿಸುವುದು, ಎದುರಿಗೆ ತಿಂಡಿ ಇಲ್ಲದೆ ಮೂತಿ ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುವುದು, ಮೈ ಬಿಗಿಯಾಗುವುದು, ಇವೆಲ್ಲ ಸಾಕು ಬಿಡಿ ಅಂತ ಅದು ಹೇಳುವ ರೀತಿ. ಬಾಲ ಆಡಿಸಿದರೆ ಖುಷಿ ಅಂತ ಯಾವಾಗಲೂ ತಿಳಿಯಬೇಡಿ. ಇಟಲಿಯ ಸಂಶೋಧಕರು 2007ರಲ್ಲಿ ತೋರಿಸಿದ ಪ್ರಕಾರ, ಯಜಮಾನರನ್ನು ಕಂಡಾಗ ನಾಯಿಯ ಬಾಲ ತನ್ನ ಬಲಕ್ಕೆ ಹೆಚ್ಚು ವಾಲುತ್ತದೆ, ಜೋರಿನ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ಗುರ್ ಅಂದರೆ ನಾಯಿಯನ್ನು ಹೊಡೆಯಬೇಡಿ. ಅದು ಎಚ್ಚರಿಕೆ. ಹೊಡೆದು ಎಚ್ಚರಿಕೆ ಕೊಡುವುದನ್ನು ಬಿಡಿಸಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ‘ನಮ್ಮ ನಾಯಿ ಏನೂ ಮಾಡಲ್ಲ’ ಅನ್ನುವ ಮಾತನ್ನು ನಂಬಿ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಟ್ಟು ಹೋಗುವುದು ಬೇಡವೇ ಬೇಡ.

ಹಲ್ಲು ತಾಗಿ ಚರ್ಮ ಗೀರಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಡಾಕ್ಟರ ಹತ್ತಿರ ಹೋಗಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಲಕ್ಷಣ ಬರುವ ಮೊದಲು ಸರಿಯಾಗಿ ಲಸಿಕೆ ತೆಗೆದುಕೊಂಡರೆ ತಡೆಯಬಹುದು. ಬೈಯುತ್ತಾರೆ ಅಂತ ಮಕ್ಕಳು ಗೀರು ಗಾಯ ಮುಚ್ಚಿಡುತ್ತಾರೆ. ಹೇಳಿದರೆ ಬೈಯುವುದಿಲ್ಲ ಅಂತ ಮೊದಲೇ ಮಾತು ಕೊಟ್ಟುಬಿಡಿ.

ಪ್ರಶ್ನೆ: ನಾಯಿಗೆ ನಮ್ಮ ಮೇಲೆ ನಿಜವಾಗಿ ಪ್ರೀತಿ ಇರುತ್ತದಾ, ಊಟ ಹಾಕುತ್ತೇವೆ ಅಂತ ಮಾತ್ರವಾ?

ಉತ್ತರ: ಪ್ರೀತಿ ಇರುತ್ತದೆ. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಕಿದವರ ಕಣ್ಣನ್ನು ಹೆಚ್ಚು ಹೊತ್ತು ನೋಡಿದ ನಾಯಿಗಳಲ್ಲೂ ಅವುಗಳ ಯಜಮಾನರಲ್ಲೂ ಆಕ್ಸಿಟೋಸಿನ್ ಏರಿತ್ತು. ತಾಯಿ ಮತ್ತು ಕೂಸಿನ ನಡುವಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನ್ ಅದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗೆ ಕಾಣಲಿಲ್ಲ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ತಂಡ ನಾಯಿಗಳಿಗೆ ಎಂಆರ್‌ಐ ಯಂತ್ರದಲ್ಲಿ ಎಚ್ಚರವಾಗಿಯೇ ಅಲುಗಾಡದೆ ಮಲಗಲು ಕಲಿಸಿತು. 2016ರಲ್ಲಿ 15 ನಾಯಿಗಳನ್ನು ನೋಡಿದಾಗ, ಹೆಚ್ಚಿನವುಗಳ ಮಿದುಳು ತಿಂಡಿಗೆ ಎಷ್ಟು ಸ್ಪಂದಿಸಿತೋ ಯಜಮಾನರ ಹೊಗಳಿಕೆಗೂ ಅಷ್ಟೇ, ಕೆಲವದರಲ್ಲಿ ಅದಕ್ಕಿಂತ ಜಾಸ್ತಿ ಸ್ಪಂದಿಸಿತು. ನಾಯಿ ಜೊತೆ ಬೆಳೆದವರಿಗೆ ಇದು ಹೊಸ ಸುದ್ದಿ ಅಲ್ಲ ಬಿಡಿ.

ಪ್ರಶ್ನೆ: ನಮ್ಮ ನಾಯಿ ಹೋಗಿ ಒಂದು ತಿಂಗಳಾಯಿತು. ಹತ್ತು ವರ್ಷದ ಮಗ ಇನ್ನೂ ಅಳುತ್ತಾನೆ. ಒಂದು ನಾಯಿಗೋಸ್ಕರ ಇಷ್ಟಾ ಅಂತ ಬಂದವರೆಲ್ಲ ಹೇಳುತ್ತಾರೆ. ತಕ್ಷಣ ಇನ್ನೊಂದು ಮರಿ ತಂದರೆ ಸರಿಹೋಗುತ್ತದಾ?

ಉತ್ತರ: ಹಾಗೆ ಹೇಳುವವರಿಗೆ ಈ ಕಥೆ ಹೇಳಿ. 1914ರಲ್ಲಿ ಜರ್ಮನಿಯ ಬಾನ್ ಹತ್ತಿರದ ಒಬರ್‌ಕಾಸೆಲ್ ಅನ್ನುವ ಕಡೆ, ಕಲ್ಲುಗಣಿಯಲ್ಲಿ ಕೆಲಸ ಮಾಡುತ್ತಿದ್ದವರಿಗೆ ಒಂದು ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೊಂದು ನಾಯಿ. ಸುಮಾರು 14,000 ವರ್ಷ ಹಿಂದಿನದು. ನಾಯಿಗೆ ಸುಮಾರು ಏಳು ತಿಂಗಳು. ಅದರ ಹಲ್ಲುಗಳನ್ನು ಪರೀಕ್ಷಿಸಿದವರು, ಅದಕ್ಕೆ ಡಿಸ್ಟೆಂಪರ್ ಕಾಯಿಲೆ ಬಂದಿರಬೇಕು, ವಾರಗಟ್ಟಲೆ ಯಾರೋ ಹತ್ತಿರ ಕೂತು ನೋಡಿಕೊಳ್ಳದೆ ಅದು ಅಷ್ಟು ದಿನ ಬದುಕುತ್ತಿರಲಿಲ್ಲ ಅಂತ ಬರೆದಿದ್ದಾರೆ. ಕಾಯಿಲೆಯ ಮರಿಯಿಂದ ಆ ಜನಕ್ಕೆ ಬೇಟೆಗೂ ಉಪಯೋಗ ಇರಲಿಲ್ಲ, ಕಾವಲಿಗೂ ಇರಲಿಲ್ಲ. ಆದರೂ ನೋಡಿಕೊಂಡರು, ತಮ್ಮವರ ಜೊತೆಯಲ್ಲೇ ಮಣ್ಣು ಮಾಡಿದರು. ನಿಮ್ಮ ಮಗ ಅಳುವುದರಲ್ಲಿ ಏನೂ ತಪ್ಪಿಲ್ಲ.

ಅಳಲು ಬಿಡಿ. ‘ದೂರದ ಮನೆಗೆ ಕಳಿಸಿದೆವು’ ಅಂತೆಲ್ಲ ಸುಳ್ಳು ಹೇಳಬೇಡಿ, ಹತ್ತು ವರ್ಷದವನಿಗೆ ಅದು ಇವತ್ತಲ್ಲ ನಾಳೆ ಗೊತ್ತಾಗುತ್ತದೆ. ಅದರ ಪಟ್ಟಿ, ಬಟ್ಟಲು ಎಲ್ಲಿಡಬೇಕು ಅಂತ ಅವನನ್ನೇ ಕೇಳಿ. ಹೊಸ ಮರಿಯ ಮಾತು ಅವನ ಬಾಯಿಂದಲೇ ಬರಲಿ. ಅಲ್ಲಿಯತನಕ ತಂದರೆ ಆ ಮರಿಗೆ ಹೋದ ನಾಯಿಯ ಜಾಗ ತುಂಬಿಸುವ ಭಾರ ಬೀಳುತ್ತದೆ, ಅದಕ್ಕೂ ಅನ್ಯಾಯ.

ಪ್ರಶ್ನೆ: ಆರು ವರ್ಷದವನಿದ್ದಾಗ ನಾಯಿ ಕಚ್ಚಿತ್ತು. ಹೆಂಡತಿ ನಾಯಿಗಳ ಜೊತೆ ಬೆಳೆದವಳು, ಈಗ ಒಂದು ಸಾಕೋಣ ಅಂತಾಳೆ. ನನಗೆ ಎದೆ ಡವಡವ ಅನ್ನುತ್ತದೆ. ನಾನು ಬದಲಾಗಬಲ್ಲೆನಾ?

ಉತ್ತರ: ಖಂಡಿತ ಆಗಬಲ್ಲಿರಿ, ಅವಸರ ಮಾತ್ರ ಮಾಡಬೇಡಿ. ಮೊದಲು ಗೊತ್ತಿರುವವರ ಮನೆಯ ವಯಸ್ಸಾದ, ಶಾಂತ ನಾಯಿಯನ್ನು ದೂರದಿಂದ ನೋಡುತ್ತಾ ಕೂರಿ. ಎದೆಬಡಿತ ಸಹಜವಾಗುವ ದೂರ ಎಷ್ಟೋ ಅಷ್ಟೇ ದೂರ. ಆಮೇಲೆ ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಹತ್ತಿರ. ಮುಟ್ಟುವ ದಿನ ಬಂದಾಗ ಪಕ್ಕಕ್ಕೆ ತಿರುಗಿ ನಿಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡಿ, ಅದೇ ಬಂದು ಮೂಸಲಿ. ತಲೆಯ ಮೇಲಿಂದ ಕೈ ತರದೆ ಎದೆಯ ಹತ್ತಿರ, ಭುಜದ ಹತ್ತಿರ ಸವರಿ. ಮರಿಯಿಂದ ಶುರು ಮಾಡಿ ಅಂತ ಕೆಲವರು ಹೇಳುತ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಮರಿಗಳು ಹಾರುತ್ತವೆ, ಸೂಜಿಯಂಥ ಹಲ್ಲಿನಲ್ಲಿ ಕೈ ಕಚ್ಚುತ್ತವೆ, ಹಳೆಯ ಭಯ ಮತ್ತೆ ಏಳುತ್ತದೆ. ಭಯ ತೀರಾ ಜಾಸ್ತಿ ಇದ್ದರೆ ಮನಶ್ಶಾಸ್ತ್ರಜ್ಞರು ಇದೇ ದಾರಿಯಲ್ಲಿ ಕೈ ಹಿಡಿದು ನಡೆಸುತ್ತಾರೆ. ನಿಮ್ಮ ಹೆಂಡತಿಗೂ ಒಂದು ಮಾತು: ಹೇಳದೆ ಕೇಳದೆ ಮರಿ ತಂದು ಅವರನ್ನು ಅಚ್ಚರಿಗೊಳಿಸುವ ಯೋಚನೆ ಬೇಡಮ್ಮ.

ಪ್ರಶ್ನೆ: ನಮ್ಮ ಕಾಲದಲ್ಲಿ ನಾಯಿಗೆ ಮನೆಯಲ್ಲಿ ಉಳಿದದ್ದೆಲ್ಲ ಹಾಕುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಈಗ ಅದು ಕೊಡಬೇಡಿ ಇದು ಕೊಡಬೇಡಿ ಅಂತಾರೆ. ಅತಿಯಾಯ್ತು ಅಲ್ವಾ?

ಉತ್ತರ: ಅತಿಯಲ್ಲ. ಆಗಲೂ ಆಗುತ್ತಿತ್ತು, ಯಾಕೆ ಸತ್ತಿತು ಅಂತ ಯಾರೂ ಕೇಳುತ್ತಿರಲಿಲ್ಲ. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ನಾಯಿಯ ಮೈಯಿಂದ ಬೇಗ ಹೊರಗೆ ಹೋಗದೆ ವಿಷವಾಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿ ಕೆಡಿಸಬಹುದು. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣ ಒಡೆಯುತ್ತವೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಹಾಕುವ ಜೈಲಿಟಾಲ್ ಸ್ವಲ್ಪ ಹೋದರೂ ಅಪಾಯ. ನಿಮ್ಮ ಜ್ವರದ, ನೋವಿನ ಮಾತ್ರೆಯನ್ನಂತೂ ಪಶುವೈದ್ಯರನ್ನು ಕೇಳದೆ ಕೊಡಲೇಬೇಡಿ.

ಪ್ರಶ್ನೆ: ನನಗೆ 68. ನೆನಪಿರುವಾಗಿನಿಂದ ಮನೆಯಲ್ಲಿ ನಾಯಿ ಇಲ್ಲದ ದಿನ ಇಲ್ಲ. ಕೊನೆಯದು ಹೋದ ವರ್ಷ ತೀರಿಕೊಂಡಿತು. ಈ ವಯಸ್ಸಿನಲ್ಲಿ ಮತ್ತೆ ಸಾಕುವುದು ಸರಿಯಾ?

ಉತ್ತರ: ಸಾಕಿ ಅಂತಲೇ ನಾನು ಹೇಳುವುದು, ಆದರೆ ಮರಿ ಬೇಡ. ಚಿಕ್ಕ ಗಾತ್ರದ ನಾಯಿಗಳು ಸಾಮಾನ್ಯವಾಗಿ 13–15 ವರ್ಷ ಬದುಕುತ್ತವೆ, ತುಂಬಾ ದೊಡ್ಡವು 8–10 ವರ್ಷ. ನಾಯಿಗಳಿಗೆ ಆಸರೆ ಕೊಡುವ ಕಡೆ ಹೋಗಿ ಏಳೆಂಟು ವರ್ಷದ, ಎಳೆದಾಡದ ಒಂದು ನಾಯಿಯನ್ನು ಕೇಳಿ. ಮರಿಗಳನ್ನು ಎಲ್ಲರೂ ಒಯ್ಯುತ್ತಾರೆ, ಮೂತಿ ಬೆಳ್ಳಗಾದವು ಹಾಗೇ ಉಳಿದುಬಿಡುತ್ತವೆ. ಅವುಗಳನ್ನು ನೋಡಿಕೊಳ್ಳಲು ನಿಮಗಿಂತ ಅನುಭವ ಇರುವವರು ಯಾರಿದ್ದಾರೆ! ತರುವ ಮೊದಲು ಒಂದೇ ಒಂದು ಕೆಲಸ ಮಾಡಿ: ನೀವು ಆಸ್ಪತ್ರೆ ಸೇರಬೇಕಾಗಿ ಬಂದರೆ ಅಥವಾ ನೀವು ಇಲ್ಲದಿದ್ದರೆ ಅದನ್ನು ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಅವರನ್ನೇ ಕೇಳಿ ಒಪ್ಪಿಸಿ, ಕಾಗದದಲ್ಲಿ ಬರೆದಿಡಿ. ಅದರ ಲಸಿಕೆ ಚೀಟಿ, ಪಶುವೈದ್ಯರ ಫೋನ್ ನಂಬರು, ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ ಅನ್ನುವುದೂ ಆ ಕಾಗದದ ಜೊತೆಯಲ್ಲೇ ಇರಲಿ.