ಹ್ಯಾಲಿಫ್ಯಾಕ್ಸ್ ಊರಿಗೆ ತನ್ನದೇ ಪುರಸಭೆ ಏಕಿಲ್ಲ?

ಓದುಗರ ಪತ್ರ: ನನ್ನ ಮಗಳು ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನಲ್ಲಿ ನರ್ಸ್ ಆಗಿದ್ದಾಳೆ. ಅವಳ ಮನೆಯ ತೆರಿಗೆ ಬಿಲ್ಲು ‘ಕಾಲ್ಡರ್‌ಡೇಲ್ ಕೌನ್ಸಿಲ್’ ಹೆಸರಿನಲ್ಲಿ ಬರುತ್ತದೆ. ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಆ ಹೆಸರಿನ ಪಟ್ಟಣ ಕಾಣಲಿಲ್ಲ. ಅಷ್ಟು ಹಳೆಯ ಹ್ಯಾಲಿಫ್ಯಾಕ್ಸ್‌ಗೆ ಸ್ವಂತ ಪುರಸಭೆ ಇಲ್ಲವೇ? ನಮ್ಮ ಜಿಲ್ಲಾಧಿಕಾರಿಯಂಥವರು ಅಲ್ಲಿ ಯಾರು? (ಧಾರವಾಡದ ಓದುಗರು)

ಸಂಪಾದಕರ ಉತ್ತರ: ಮಾನ್ಯರೇ, ತಮಗೆ ಆ ಪಟ್ಟಣ ಕಾಣದಿರುವುದು ಸಹಜ, ಏಕೆಂದರೆ ಕಾಲ್ಡರ್‌ಡೇಲ್ ಎಂಬ ಊರು ಎಲ್ಲಿಯೂ ಇಲ್ಲ. ಕಾಲ್ಡರ್ ನದಿಯ ಕಣಿವೆಯ ಊರುಗಳನ್ನು ಒಂದೇ ಆಡಳಿತಕ್ಕೆ ಒಳಪಡಿಸಿದಾಗ ಆ ಆಡಳಿತಕ್ಕೆ ಕೊಟ್ಟ ಹೆಸರು ಅದು. ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟುವ ನದಿ ಟಾಡ್‌ಮರ್ಡನ್, ಹೆಬ್ಡನ್ ಬ್ರಿಜ್, ಸೋರ್ಬಿ ಬ್ರಿಜ್, ಎಲ್ಯಾಂಡ್, ಬ್ರಿಗ್‌ಹೌಸ್ ಊರುಗಳನ್ನು ಹಾದು ಪೂರ್ವಕ್ಕೆ ಹರಿಯುತ್ತದೆ. ಇವೆಲ್ಲಕ್ಕಿಂತ ದೊಡ್ಡದಾದ ಹ್ಯಾಲಿಫ್ಯಾಕ್ಸ್ ಮಾತ್ರ ಆ ನದಿಯ ದಂಡೆಯಲ್ಲಿಲ್ಲ. ಅದು ಹೆಬ್ಬಲ್ ಎಂಬ ಹಳ್ಳದ ಪಕ್ಕದ ಕಣಿವೆಯಲ್ಲಿದೆ.

1974ರ ಏಪ್ರಿಲ್ 1ರವರೆಗೆ ಈ ಊರುಗಳಿಗೆಲ್ಲ ತಮ್ಮ ತಮ್ಮ ಸ್ಥಳೀಯ ಸಂಸ್ಥೆಗಳಿದ್ದವು. ಹ್ಯಾಲಿಫ್ಯಾಕ್ಸ್ 1848ರಲ್ಲೇ ಪುರಸಭೆಯ ಸ್ಥಾನ ಪಡೆದಿತ್ತು. 1889ರಿಂದ ಅದು ಕೌಂಟಿಯ (ನಮ್ಮ ಜಿಲ್ಲೆಯಂಥ ದೊಡ್ಡ ವಿಭಾಗದ) ಹಂಗಿಲ್ಲದೆ ತನ್ನ ಆಡಳಿತವನ್ನು ತಾನೇ ನಡೆಸುತ್ತಿತ್ತು. ಬ್ರಿಗ್‌ಹೌಸ್ ಮತ್ತು ಟಾಡ್‌ಮರ್ಡನ್‌ಗಳೂ ಪುರಸಭೆಗಳಾಗಿದ್ದವು. 1972ರ ಸ್ಥಳೀಯ ಸರ್ಕಾರ ಕಾಯಿದೆ ಇವನ್ನೆಲ್ಲ ರದ್ದುಪಡಿಸಿ, ಸುತ್ತಲಿನ ಹಳ್ಳಿಗಳೊಂದಿಗೆ ಕಾಲ್ಡರ್‌ಡೇಲ್ ಎಂಬ ಒಂದೇ ಆಡಳಿತ ವಿಭಾಗ (ಮೆಟ್ರೊಪಾಲಿಟನ್ ಡಿಸ್ಟ್ರಿಕ್ಟ್) ಮಾಡಿತು. ಮೇಲೊಂದು ವೆಸ್ಟ್ ಯಾರ್ಕ್‌ಷೈರ್ ಕೌಂಟಿ ಕೌನ್ಸಿಲ್ ಇತ್ತು. 1986ರಲ್ಲಿ ಅದೂ ಹೋಯಿತು. ಹೀಗಾಗಿ ಶಾಲೆ, ರಸ್ತೆ, ಗ್ರಂಥಾಲಯ, ಕಸ ವಿಲೇವಾರಿ, ವೃದ್ಧರ ಆರೈಕೆ, ಕಟ್ಟಡ ಪರವಾನಗಿ ಎಲ್ಲವೂ ಇಂದು ಕಾಲ್ಡರ್‌ಡೇಲ್ ಕೌನ್ಸಿಲಿನ ಹೊಣೆಯಲ್ಲಿವೆ. ಪೊಲೀಸ್, ಅಗ್ನಿಶಾಮಕದಂಥ ಸೇವೆಗಳು ಮಾತ್ರ ಲೀಡ್ಸ್, ಬ್ರಾಡ್‌ಫರ್ಡ್, ಕರ್ಕ್‌ಲೀಸ್, ವೇಕ್‌ಫೀಲ್ಡ್‌ಗಳನ್ನೂ ಒಳಗೊಂಡ ಇಡೀ ವೆಸ್ಟ್ ಯಾರ್ಕ್‌ಷೈರ್‌ಗೆ ಸಾಮಾನ್ಯವಾಗಿವೆ.

ಜಿಲ್ಲಾಧಿಕಾರಿಗೆ ಸಮನಾದ ಹುದ್ದೆ ಅಲ್ಲಿಲ್ಲ. ವಾರ್ಡುಗಳಿಂದ ಆಯ್ಕೆಯಾದ ಸದಸ್ಯರು ತಮ್ಮೊಳಗೆ ಒಬ್ಬ ನಾಯಕರನ್ನು ಆರಿಸಿಕೊಳ್ಳುತ್ತಾರೆ. ಮುಖ್ಯ ಕಾರ್ಯನಿರ್ವಾಹಕರು ಕೌನ್ಸಿಲೇ ನೇಮಿಸಿಕೊಂಡ ನೌಕರರು, ಲಂಡನ್ ಸರ್ಕಾರ ಕಳುಹಿಸಿದವರಲ್ಲ. ಕಂದಾಯ, ದಂಡಾಧಿಕಾರ, ಸರ್ಕಾರದ ಪ್ರಾತಿನಿಧ್ಯ ಮೂರನ್ನೂ ಒಬ್ಬ ಅಧಿಕಾರಿಯ ಕೈಗೆ ಕೊಡುವ ಪದ್ಧತಿಯನ್ನು ಬ್ರಿಟಿಷರು ಭಾರತದಲ್ಲಿ ಬೆಳೆಸಿದರೇ ಹೊರತು ತಮ್ಮ ನಾಡಿನಲ್ಲಿ ಇಟ್ಟುಕೊಳ್ಳಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಆಡಳಿತ ಒಂದಾದರೂ ಊರುಗಳು ಒಂದಾಗಿಲ್ಲ. ಹ್ಯಾಲಿಫ್ಯಾಕ್ಸ್ ಉಣ್ಣೆ ಬಟ್ಟೆಯ ಊರು. ಮನೆಯ ಮಗ್ಗದಲ್ಲಿ ನೇಯ್ದ ಬಟ್ಟೆಯನ್ನು ನೇಕಾರರು ತಂದು ಮಾರುವುದಕ್ಕೆಂದೇ 1779ರಲ್ಲಿ ತೆರೆದ ಪೀಸ್ ಹಾಲ್, ಮುನ್ನೂರಕ್ಕೂ ಹೆಚ್ಚು ಕೋಣೆಗಳು ದೊಡ್ಡ ಅಂಗಳವನ್ನು ಸುತ್ತುವರಿದ ಕಲ್ಲಿನ ಕಟ್ಟಡ, ಇಂದಿಗೂ ಅಲ್ಲಿದೆ. ತಮ್ಮ ಮಗಳು ಅದನ್ನು ನೋಡದೆ ಬಿಟ್ಟಿರಲಾರರು. ಟಾಡ್‌ಮರ್ಡನ್ ಬೆಳೆದದ್ದು ಹತ್ತಿಯಿಂದ, ಅದರ ಒಲವು ಪಶ್ಚಿಮದ ಲ್ಯಾಂಕಶೈರ್ ಕಡೆಗೆ. 1875ರಲ್ಲಿ ತೆರೆದ ಅಲ್ಲಿನ ಪುರಭವನವನ್ನು ಎರಡು ಕೌಂಟಿಗಳ ಗಡಿಯಾಗಿದ್ದ ತೊರೆಯ ಮೇಲೆಯೇ ಕಟ್ಟಿದ್ದರಿಂದ, ಕಟ್ಟಡದ ಒಂದು ಭಾಗ ಲ್ಯಾಂಕಶೈರ್‌ನಲ್ಲಿಯೂ ಮತ್ತೊಂದು ಯಾರ್ಕ್‌ಷೈರ್‌ನಲ್ಲಿಯೂ ಇತ್ತು. 1888ರ ಕಾಯಿದೆ ಗಡಿಯನ್ನು ಸರಿಸಿ ಇಡೀ ಊರನ್ನು ಯಾರ್ಕ್‌ಷೈರ್‌ಗೆ ಸೇರಿಸಿತು. ಅಂಚೆ ಇಲಾಖೆ ಮಾತ್ರ ಟಾಡ್‌ಮರ್ಡನ್‌ಗೆ ಇಂದಿಗೂ ಓಲ್ಡಮ್‌ನ ಪಿನ್‌ಕೋಡನ್ನೂ ಬ್ರಿಗ್‌ಹೌಸ್‌ಗೆ ಹಡರ್ಸ್‌ಫೀಲ್ಡ್‌ನದನ್ನೂ ಕೊಟ್ಟಿದೆ.

ಹಾಗಾದರೆ 1974ರ ಏರ್ಪಾಡು ತಪ್ಪೇ? ಪೂರ್ತಿ ತಪ್ಪೆಂದು ನಾವು ಹೇಳಲಾರೆವು. ಕಡಿದಾದ ಬೆಟ್ಟಗಳ ನಡುವಿನ ಈ ಇಕ್ಕಟ್ಟಾದ ಕಣಿವೆಯಲ್ಲಿ ಮೇಲೆ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಕೆಳಗಿನ ಊರುಗಳಿಗೆ ನುಗ್ಗುತ್ತದೆ. 2015ರ ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮರುದಿನ, ಟಾಡ್‌ಮರ್ಡನ್‌ನಿಂದ ಕೆಳಗೆ ಸಾಲು ಸಾಲು ಊರುಗಳು ಮುಳುಗಿದವು, ಎಲ್ಯಾಂಡ್‌ನ ಸೇತುವೆ ಮತ್ತೆ ಕಟ್ಟಬೇಕಾಗುವಷ್ಟು ಹಾಳಾಯಿತು. 2020ರ ಫೆಬ್ರುವರಿಯಲ್ಲಿ ನೆರೆ ಮತ್ತೆ ಬಂತು. ಇಂಥ ನದಿಯ ವಿಷಯದಲ್ಲಿ ಊರಿಗೊಂದರಂತೆ ಪುರಸಭೆ ಕುಳಿತು ತನ್ನ ದಂಡೆಯನ್ನಷ್ಟೇ ಯೋಚಿಸುವುದಕ್ಕಿಂತ ಇಡೀ ಕಣಿವೆಗೆ ಹೊಣೆಯಾಗುವ ಒಂದು ಸಂಸ್ಥೆ ಇರುವುದೇ ಮೇಲು.

ಆದರೆ ಊರಿನ ಉದ್ಯಾನ, ಸಂತೆ, ಸಭಾಭವನಗಳ ಕುರಿತ ನಿರ್ಧಾರ ಆ ಊರಿನವರ ಕೈಯಲ್ಲಿಯೇ ಇರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಟಾಡ್‌ಮರ್ಡನ್‌ಗೂ, ಹೆಬ್ಡನ್ ಬ್ರಿಜ್ ಮತ್ತು ನೆರೆಯ ಮೈದಮ್‌ರಾಯ್ಡ್‌ಗೆ ಒಟ್ಟಾಗಿಯೂ, ಅಧಿಕಾರ ಕಡಿಮೆಯಿದ್ದರೂ ಚುನಾಯಿತವಾದ ಟೌನ್ ಕೌನ್ಸಿಲ್‌ಗಳಿವೆ. ಹ್ಯಾಲಿಫ್ಯಾಕ್ಸ್, ಬ್ರಿಗ್‌ಹೌಸ್, ಎಲ್ಯಾಂಡ್, ಸೋರ್ಬಿ ಬ್ರಿಜ್‌ಗಳಿಗೆ ಅಷ್ಟೂ ಇಲ್ಲ. ಲಂಡನ್ನಿನ ಸಂಸತ್ ಭವನವನ್ನು ರೂಪಿಸಿದ ಚಾರ್ಲ್ಸ್ ಬ್ಯಾರಿ ವಿನ್ಯಾಸಗೊಳಿಸಿ, 1863ರಲ್ಲಿ ತೆರೆದ ಹ್ಯಾಲಿಫ್ಯಾಕ್ಸ್‌ನ ಭವ್ಯ ಪುರಭವನದಲ್ಲಿ ಇಂದು ಸಭೆ ಸೇರುವುದು ಇಡೀ ಕಣಿವೆಯ ಕೌನ್ಸಿಲ್. ಅಲ್ಲಿ ಆ ಊರಿನದೇ ಒಂದು ಚಿಕ್ಕ ಸಭೆಗೂ ಸ್ಥಳ ಸಿಗುವುದು ನ್ಯಾಯ.

ತಮ್ಮ ಮಗಳ ಬಿಲ್ಲಿನಲ್ಲಿ ಕಾಲ್ಡರ್‌ಡೇಲ್‌ನ ಪಾಲಿನ ಜೊತೆಗೆ ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಯ ಪಾಲುಗಳು ಪ್ರತ್ಯೇಕವಾಗಿ ನಮೂದಾಗಿರುತ್ತವೆ. ಅವರು ಮುಂದೆ ಟಾಡ್‌ಮರ್ಡನ್‌ಗೆ ಮನೆ ಬದಲಾಯಿಸಿದರೆ ಅಲ್ಲಿನ ಟೌನ್ ಕೌನ್ಸಿಲಿನ ಪಾಲೂ ಅದೇ ಬಿಲ್ಲಿಗೆ ಸೇರುತ್ತದೆ.