ಆನ್ ಬೊಲಿನ್ ‘ನಿಧನರಾಗಲಿಲ್ಲ’

ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಇಂಗ್ಲೆಂಡಿನ ಅರಸರು, ರಾಣಿಯರು’ ಕೈಸೇರಿ ಮೂರು ವಾರವಾಯಿತು. ಒಂದನೇ ವಿಲಿಯಂನಿಂದ ವಿಕ್ಟೋರಿಯಾವರೆಗೆ ಇಪ್ಪತ್ತೆರಡು ಪುಟ್ಟ ಜೀವನಚಿತ್ರಗಳು. ಇಸವಿಗಳು ಸರಿಯಾಗಿವೆ, ಕಾಗುಣಿತ ಚೊಕ್ಕವಾಗಿದೆ, ಯಾರಾದ ಮೇಲೆ ಯಾರು ಅನ್ನುವುದು ತೊಡಕಿಲ್ಲದೆ ತಿಳಿಯುತ್ತದೆ. ಹೊಗಳಿಕೆ ಇಷ್ಟೇ. ಇನ್ನು ಜಗಳಕ್ಕೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಎಂಟನೇ ಹೆನ್ರಿಯ ಪುಟ ತೆಗೆಯಿರಿ. ನಿಮ್ಮದೇ ಸಾಲುಗಳು:

“ದ್ವಿತೀಯ ಪತ್ನಿ ಆನ್ ಬೊಲಿನ್ ಅವರು 1536ರಲ್ಲಿ ನಿಧನರಾದರು. ತೃತೀಯ ಪತ್ನಿ ಜೇನ್ ಸೀಮೋರ್ ಅವರು 1537ರಲ್ಲಿ ನಿಧನರಾದರು. ಐದನೇ ಪತ್ನಿ ಕ್ಯಾಥರಿನ್ ಹೊವಾರ್ಡ್ ಅವರು 1542ರಲ್ಲಿ ನಿಧನರಾದರು.”

ಮೂರು ಸಾಲು, ಮೂರು ನಿಧನ. ಗೊತ್ತಿಲ್ಲದವರು ಓದಿದರೆ, ಪಾಪ, ಆ ಅರಮನೆಗೆ ಯಾವುದೋ ಕೆಟ್ಟ ಜ್ವರ ಹೊಕ್ಕಿತ್ತೇನೋ ಅಂದುಕೊಳ್ಳುತ್ತಾರೆ. ಜೇನ್ ಹಾಸಿಗೆಯಲ್ಲೇ ಸತ್ತಳು, ನಿಜ. ಗಂಡು ಮಗು ಹೆತ್ತ ಹನ್ನೆರಡು ದಿನಕ್ಕೆ, ಹಸಿ ಬಾಣಂತಿ. ಉಳಿದಿಬ್ಬರ ತಲೆ ಕಡಿಸಿದವನು ತಾಳಿ ಕಟ್ಟಿದವನೇ. ಅವರಲ್ಲಿ ತಾಳಿ ಇಲ್ಲ ಅಂತ ಗೊತ್ತು, ಆದರೂ ಬಾಯಿಗೆ ಬಂದದ್ದು ಅದೇ ಮಾತು. ಆನ್ ಬೊಲಿನ್‌ಗೆ ಕೊಡಲಿ ಬೇಡ, ಕತ್ತಿಯೇ ಇರಲಿ ಅಂತ ಸಮುದ್ರದಾಚೆಯ ಕ್ಯಾಲೆಯಿಂದ ಕತ್ತಿಯವನನ್ನು ಕರೆಸಿದರು. ಮೇ 19ರ ಬೆಳಗ್ಗೆ ಲಂಡನ್ ಟವರ್‌ನ ಆವರಣದಲ್ಲಿ ಅವಳು ನೆಟ್ಟಗೆ ಮಂಡಿಯೂರಿ ಕೂತಳು. ಒಂದೇ ಏಟು. ಕ್ಯಾಥರಿನ್‌ದು ಇನ್ನೂ ಸಂಕಟ. ಇಪ್ಪತ್ತರ ಆಸುಪಾಸಿನ ಹುಡುಗಿ. ಹಿಂದಿನ ರಾತ್ರಿ ಆ ಮರದ ದಿಮ್ಮಿಯನ್ನೇ ತನ್ನ ಕೋಣೆಗೆ ತರಿಸಿಕೊಂಡು, ತಲೆ ಹೇಗೆ ಇಡಬೇಕು ಅಂತ ಇಟ್ಟು ಇಟ್ಟು ನೋಡಿದಳಂತೆ. ಆ ಕಾಲದ ರಾಯಭಾರಿಯೊಬ್ಬ ಇದನ್ನು ಬರೆದಿಟ್ಟಿದ್ದಾನೆ. ನೀವು ಅವಳನ್ನು ಸುಮ್ನೆ ‘ನಿಧನ’ ಮಾಡಿಸಿಬಿಟ್ಟಿರಿ.

“ಮಕ್ಕಳೂ ಓದುತ್ತಾರೆಂದು ಸೌಜನ್ಯದ ಭಾಷೆ ಬಳಸಿದ್ದೇನೆ” ಎಂದು ಪತ್ರದಲ್ಲಿ ಬರೆದಿದ್ದೀರಿ. ಕೀಚಕನ ಕಥೆ ಕೇಳಿ ಬೆಳೆದ ಮಕ್ಕಳು ರೀ ಅವು! ಸೌಜನ್ಯ ಇಲ್ಲಿ ಹೆನ್ರಿಯ ಪರ ನಿಂತುಬಿಟ್ಟಿದೆ, ಅಷ್ಟೇ. ಅಂದಹಾಗೆ, ಪುಲಕೇಶಿಗೆ ‘ಅವನು’ ಅನ್ನುವ ನಾವು ಹೆನ್ರಿಗೆ ಯಾಕೆ ‘ಅವರು’ ಅನ್ನಬೇಕು?

ಈ ‘ನಿಧನ’ದ ಮೇಲೆ ನನಗೆ ಹಳೆಯ ಸಿಟ್ಟಿದೆ. ನಾನು ಕೆಲಸ ಕಲಿತದ್ದು ಒಂದು ದಿನಪತ್ರಿಕೆಯ ರಾತ್ರಿ ಪಾಳಿಯಲ್ಲಿ, ನಿಧನ ವಾರ್ತೆಯ ಮೂಲೆಯಲ್ಲಿ. ತಾಲ್ಲೂಕುಗಳಿಂದ ಬಂದ ಚೀಟಿಗಳನ್ನು ತಿದ್ದಿ ನಾಲ್ಕು ನಾಲ್ಕು ಸಾಲು ಮಾಡುವುದು. ಎಲ್ಲರೂ ‘ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ’. ಕೈ ತಾನಾಗೇ ಬರೆಯುತ್ತಿತ್ತು. ನಮ್ಮ ಹಿರಿಯ ಉಪಸಂಪಾದಕರನ್ನು ಮೇಷ್ಟ್ರು ಅಂತಿದ್ದೆವು. ಒಂದು ರಾತ್ರಿ ನನ್ನ ಪ್ರತಿ ಎತ್ತಿಕೊಂಡು “ಅಪಾರ ಅಂದ್ರೆ ಎಷ್ಟಪ್ಪಾ?” ಎಂದರು. ನಾನು ತಲೆ ಕೆರೆದುಕೊಂಡೆ. “ಅದು ಬಿಡು, ಈ ಹುಡುಗನಿಗೆ ಇಪ್ಪತ್ತಾರು ವರ್ಷ. ‘ಅಕಾಲಿಕ ನಿಧನ’ ಅಂತ ಬರೆದಿದ್ದೀಯ. ಹೇಗೆ ಸತ್ತ?” ಚೀಟಿಯಲ್ಲಿ ಇರಲಿಲ್ಲ. ಆ ಹೊತ್ತಿನಲ್ಲಿ ಟ್ರಂಕ್ ಕಾಲ್ ಹಾಕಿಸಿ, ಮಲಗಿದ್ದ ಸುದ್ದಿಗಾರನನ್ನು ಎಬ್ಬಿಸಿ, ಬೈಸಿಕೊಂಡು ಕೇಳಿದೆ. ಹುಡುಗ ಕೊನೆಗೌಡನಂತೆ. ಅಡಿಕೆ ಕೊಯ್ಯುವಾಗ ಮರದಿಂದ ಮರಕ್ಕೆ ದಾಟಲು ಹೋಗಿ, ಹಿಡಿದ ಮರ ಮುರಿದು ಬಿದ್ದಿದ್ದ. ‘ಅಕಾಲಿಕ’ ಹೊಡೆದುಹಾಕಿ ‘ಕೊನೆ ಕೊಯ್ಯುವಾಗ ಮರ ಮುರಿದು’ ಅಂತ ಬರೆದೆ. ಮೇಷ್ಟ್ರು ಏನೂ ಹೇಳಲಿಲ್ಲ, ಅಚ್ಚಿಗೆ ಕಳಿಸಿದರು. ಬಂಧು ಬಳಗವನ್ನು ಮಾತ್ರ ಅವರೇ ಹೊಡೆದಿದ್ದರು.

ನಿಮ್ಮ ಪುಟಗಳಿಗೆ ಬರೋಣ. ಒಂದನೇ ಚಾರ್ಲ್ಸ್ ‘ಧೈರ್ಯದಿಂದ ಮರಣವನ್ನು ಎದುರಿಸಿ ಕೀರ್ತಿಶೇಷರಾದರು’ ಎಂದಿದ್ದೀರಿ. ಯಾವ ಧೈರ್ಯ, ತೋರಿಸಿ. 1649ರ ಜನವರಿ 30, ಅವನ ತಲೆ ಕಡಿದ ದಿನ, ಮೈ ಕೊರೆಯುವ ಚಳಿ. ಆ ಬೆಳಗ್ಗೆ ಅವನು ಎರಡು ಅಂಗಿ ಕೇಳಿ ಹಾಕಿಕೊಂಡ. ಒಂದೇ ಆದರೆ ಚಳಿಗೆ ನಡುಗುತ್ತೇನೆ, ನೋಡುವ ಜನ ಹೆದರಿ ನಡುಗಿದ ಅಂದುಕೊಳ್ಳುತ್ತಾರೆ ಅನ್ನುವುದು ಅವನ ಚಿಂತೆ. ಆ ಎರಡನೇ ಅಂಗಿ ಸಾಕಿತ್ತು. ಧೈರ್ಯ ಅನ್ನುವ ಪದವೇ ಬೇಕಿರಲಿಲ್ಲ.

ಆನ್ ರಾಣಿಯ (ಬೊಲಿನ್ ಅಲ್ಲ, ಆಮೇಲೆ ತಾನೇ ಪಟ್ಟಕ್ಕೆ ಬಂದ ಆನ್) ಪುಟ ಓದಿದಾಗಲಂತೂ ಪೆನ್ನು ಕೆಳಗಿಟ್ಟು ಎದ್ದುಹೋದೆ. “ವೈಯಕ್ತಿಕ ಬದುಕಿನಲ್ಲಿ ಅನೇಕ ಏಳುಬೀಳುಗಳನ್ನು ಕಂಡರು.” ಏಳು ಎಲ್ಲಿ ಕಂಡಿತು ನಿಮಗೆ? ಹದಿನೇಳು ಸಲ ಬಸುರಿಯಾದವಳು ಅವಳು. ಕೆಲವು ನಿಲ್ಲಲಿಲ್ಲ, ಕೆಲವು ಸತ್ತೇ ಹುಟ್ಟಿದವು. 1687ರಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಕೆಲವೇ ದಿನಗಳ ಅಂತರದಲ್ಲಿ ಸಿಡುಬಿಗೆ ಹೋದರು. ಉಳಿದು ಬೆಳೆದವನು ಒಬ್ಬನೇ ಮಗ, ವಿಲಿಯಂ. ಅವನೂ 1700ರಲ್ಲಿ, ಹನ್ನೊಂದು ತುಂಬಿ ವಾರದೊಳಗೆ ತೀರಿಕೊಂಡ. 1702ರಲ್ಲಿ ಪಟ್ಟವಾದಾಗ ಕಾಲುನೋವಿನಿಂದ ನಡೆಯಲಾಗದೆ ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಬೇಕಾಯಿತು. ವಯಸ್ಸು ಇನ್ನೂ ಮೂವತ್ತೇಳು.

ನಿಮ್ಮ ಮುಂದಿನ ಸಾಲು: “ನಂತರ ಒಂದನೇ ಜಾರ್ಜ್ ಅವರು ಅಧಿಕಾರಕ್ಕೆ ಬಂದರು.” ಎಲ್ಲಿಂದ ಬಂದ, ಆಕಾಶದಿಂದಲಾ? ಆ ಹುಡುಗ ಸತ್ತದ್ದಕ್ಕೇ ಪಾರ್ಲಿಮೆಂಟ್ ಗಾಬರಿಯಾಗಿ 1701ರಲ್ಲಿ ಕಾಯ್ದೆ ಮಾಡಿತು. ರಕ್ತದಲ್ಲಿ ಹತ್ತಿರದವರಿದ್ದರೂ ಕ್ಯಾಥೊಲಿಕರು ಅಂತ ಅವರನ್ನು ಬಿಟ್ಟು, ಜರ್ಮನಿಯ ಹ್ಯಾನೋವರ್ ಮನೆತನಕ್ಕೆ ಕಿರೀಟ ಬರೆದುಕೊಟ್ಟಿತು. ಆ ಸಾಲಿನಲ್ಲೇ ಬಂದವನು ಮೂರನೇ ಜಾರ್ಜ್. 1799ರ ಮೇ 4ರಂದು ನಮ್ಮ ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಲಂಡನ್ನಿನಲ್ಲಿ ದೊರೆ ಅವನೇ. ನಿಮ್ಮ ಪುಟದಲ್ಲಿ ಅದು ‘ಇವರ ಕಾಲದಲ್ಲಿ ಸಾಮ್ರಾಜ್ಯ ವಿಸ್ತರಿಸಿತು’ ಆಗಿದೆ. ಕನ್ನಡದಲ್ಲಿ ಬರೆಯುವವರು ನೀವು, ಅಲ್ವಾ?

ನಿಮಗೆ ಬರೆಯಲು ಬರುವುದಿಲ್ಲ ಅಂದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಒಂದನೇ ವಿಲಿಯಂನ ಪುಟವನ್ನು ಎರಡು ಸಲ ಓದಿದೆ. 1087ರಲ್ಲಿ ಫ್ರಾನ್ಸಿನ ಕಾನ್ ಊರಿನ ಮಠದಲ್ಲಿ ಅವನನ್ನು ಹೂಳುವ ಹೊತ್ತಿಗೆ ಒಬ್ಬ ಎದ್ದು, “ಈ ಜಾಗ ನಮ್ಮಪ್ಪನದು, ಕಿತ್ತುಕೊಂಡಿದ್ದ” ಎಂದು ತಡೆಯುತ್ತಾನೆ. ಅಲ್ಲೇ ಅವನಿಗೆ 60 ಶಿಲಿಂಗ್ ಎಣಿಸಿಕೊಟ್ಟು ಕೆಲಸ ಮುಂದುವರಿಸುತ್ತಾರೆ. ಆಮೇಲೆ ಕಲ್ಲಿನ ಪೆಟ್ಟಿಗೆ ಸಾಲದೆ, ಒತ್ತಿದಾಗ ಹೆಣ ಒಡೆದು, ನಾತಕ್ಕೆ ಜನ ಓಡುವುದು. ಒಂದೇ ಒಂದು ಅಲಂಕಾರವಿಲ್ಲದೆ ಬರೆದಿದ್ದೀರಿ. ಕೊನೆಗೆ ‘ವಿಧಿಯ ಆಟ ಬಲ್ಲವರಾರು!’ ಅಂತ ಬಾಲ ಅಂಟಿಸಿದ್ದೀರಿ. ಅದನ್ನು ನಾನೇ ಹೊಡೆದಿದ್ದೇನೆ.

ವಿಲಿಯಂನನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡೆ. ಉಳಿದ ಇಪ್ಪತ್ತೊಂದು ಇದೇ ಲಕೋಟೆಯಲ್ಲಿ ವಾಪಸ್ ಬರುತ್ತಿವೆ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಕೂರಬೇಡಿ. ಮೊದಲು ಆನ್ ರಾಣಿಯದನ್ನು ಬರೆದು ಕಳಿಸಿ.